ಚಿಕ್ಕ ಮಗುವಿನ ವಯಸ್ಸು ನೋಡಿ ಹಡಗು ಆರಿಸಿ

ಕ್ರೂಸ್ ಬುಕ್ ಮಾಡಲು ಕೂತವರು ಮೊದಲು ನೋಡುವುದು ಹಡಗಿನ ಚಿತ್ರಗಳನ್ನು. ಮೇಲಿನ ಡೆಕ್ಕಿನ ಜಾರುಬಂಡೆ, ಈಜುಕೊಳ, ಥಿಯೇಟರು, ಕಾರ್ಟೂನ್ ವೇಷದವರು. ಪುಟ್ಟ ಮಕ್ಕಳಿರುವ ಮನೆಯವರು ಅದನ್ನು ಆಮೇಲೆ ನೋಡಲಿ. ಮೊದಲು ಮನೆಯ ಅತಿ ಚಿಕ್ಕ ಮಗುವಿಗೆ ಹೊರಡುವ ದಿನಕ್ಕೆ ಎಷ್ಟು ವರ್ಷ, ಎಷ್ಟು ತಿಂಗಳಾಗಿರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಯಾವ ಹಡಗು, ಯಾವ ದಾರಿ, ಯಾವ ಕೋಣೆ ಎಂಬ ಪ್ರಶ್ನೆಗಳಿಗೆಲ್ಲ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಮಗುವನ್ನು ಹಡಗು ಹತ್ತಿಸುವುದೇ ಇಲ್ಲ. ಮಹಾಸಾಗರ ದಾಟುವ ದೀರ್ಘ ಯಾನಕ್ಕೆ ಒಂದು ವರ್ಷ ತುಂಬಿರಬೇಕು. ಗರ್ಭಿಣಿಯರಿಗೆ 24 ವಾರ ದಾಟುವಂತಿಲ್ಲ. ಹಡಗಿನಲ್ಲಿ ವೈದ್ಯರು ಇರುತ್ತಾರೆ, ಆದರೆ ಮಕ್ಕಳ ತಜ್ಞರಾಗಲಿ ನವಜಾತ ಶಿಶುಗಳ ತುರ್ತು ಘಟಕವಾಗಲಿ ಇರುವುದಿಲ್ಲ. ನಡುಸಮುದ್ರದಲ್ಲಿ ಆಸ್ಪತ್ರೆ ಗಂಟೆಗಟ್ಟಲೆ ದೂರ. ನಿಯಮ ಬಿಗಿಯಾಗಿರುವುದು ಅದಕ್ಕೇ.

ಅಪ್ಪ ಅಮ್ಮಂದಿರಿಗೆ ಹೆಚ್ಚು ಪೆಟ್ಟು ಕೊಡುವುದು ಮಾತ್ರ ಮೂರು ವರ್ಷದ ಗಡಿ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಕಿಡ್ಸ್ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ತುಂಬಿದ, ಡೈಪರ್ ಬಿಟ್ಟ ಮಕ್ಕಳಿಗಷ್ಟೇ ಪ್ರವೇಶ. ಅದಕ್ಕಿಂತ ಚಿಕ್ಕವರನ್ನು ನೋಡಿಕೊಳ್ಳುವ ನರ್ಸರಿ ಕೆಲವೇ ಹಡಗುಗಳಲ್ಲಿದೆ, ಅದಕ್ಕೂ ಗಂಟೆಯ ಲೆಕ್ಕದಲ್ಲಿ ದುಡ್ಡು. ಈಜುಕೊಳದ ಕಥೆಯೂ ಹೀಗೆಯೇ. ಡೈಪರ್ ಹಾಕುವ ಮಗುವನ್ನು, ಈಜುವ ಡೈಪರ್ ಹಾಕಿದ್ದರೂ, ಮುಖ್ಯ ಕೊಳಕ್ಕೆ ಇಳಿಸಲು ಬಿಡುವುದಿಲ್ಲ. ಕ್ಲೋರಿನ್‌ಗೂ ಬಗ್ಗದ ಭೇದಿಯ ಸೂಕ್ಷ್ಮಜೀವಿಗಳಿವೆ, ಒಂದು ಮಗುವಿಂದ ಇಡೀ ಕೊಳಕ್ಕೆ ಹರಡಬಹುದು. ಕೆಲವು ಹಡಗುಗಳು ಇಂಥ ಮಕ್ಕಳಿಗೆಂದೇ ಬೇರೆ ನೀರಿನಾಟದ ಜಾಗ ಇಟ್ಟಿವೆ. ನಿಮ್ಮ ಹಡಗಿನಲ್ಲಿ ಅದಿದೆಯೇ ಎಂದು ಬುಕಿಂಗ್‌ಗೆ ಮೊದಲೇ ಕೇಳಿ. ಕೊಳದ ಪಕ್ಕದಲ್ಲಿ ಜೀವರಕ್ಷಕರು ಇರುತ್ತಾರೆಯೇ ಎಂದೂ ಕೇಳಿ, ಎಲ್ಲ ಕಂಪನಿಗಳೂ ಅವರನ್ನು ಇಟ್ಟಿರುವುದಿಲ್ಲ. ಎರಡು ವರ್ಷದ ಮಗು ಒಂದೇ ಇದ್ದು ಅವಸರ ಇಲ್ಲವಾದರೆ ಇನ್ನೊಂದು ವರ್ಷ ಕಾಯಿರಿ ಎನ್ನುವುದೇ ನನ್ನ ಅಭಿಪ್ರಾಯ. ಅದೇ ದುಡ್ಡಿಗೆ ಮಗುವಿಗೂ ನಿಮಗೂ ಎರಡರಷ್ಟು ಸುಖ.

ನಮ್ಮ ಕಡೆಯವರಿಗೆ ಹತ್ತಿರದ ದಾರಿಗಳು ಎರಡು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ 2021ರಿಂದ ಓಡಾಡುತ್ತಿರುವುದು ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್. 1990ರಲ್ಲಿ ಕಟ್ಟಿದ, ಸುಮಾರು 48,500 ಟನ್ನಿನ ಹಡಗು. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಅದರ ಮೂರು ಪಟ್ಟು ದೊಡ್ಡದು. ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳೂ ಅಲ್ಲಿಂದ ಹೊರಡುತ್ತವೆ. ದೊಡ್ಡ ಹಡಗಿನಲ್ಲಿ ಆಟ ಹೆಚ್ಚು, ಓಲಾಟ ಕಡಿಮೆ, ನಡೆಯುವ ದೂರ ಮಾತ್ರ ಜಾಸ್ತಿ. ಸಿಂಗಪುರದ ಕಡೆಯ ಮಲಾಕಾ ಜಲಸಂಧಿ ಸುಮಾತ್ರಾ ಮತ್ತು ಮಲಯ ಪರ್ಯಾಯ ದ್ವೀಪದ ನಡುವೆ ಅಡಗಿರುವುದರಿಂದ ಅಲೆ ಕಡಿಮೆ. ಅರಬ್ಬೀ ಸಮುದ್ರಕ್ಕೆ ಅಂಥ ಆಸರೆ ಇಲ್ಲ, ಮುಂಗಾರಿನಲ್ಲಿ ಅದು ಉಗ್ರವಾಗುತ್ತದೆ. ಮುಂಬೈ ಕಡೆ ಹೋಗುವುದಾದರೆ ದಸರಾ ರಜೆ ಕಳೆದ ಮೇಲಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು.

ಲಕ್ಷದ್ವೀಪದ ಯಾನದ ಬಗ್ಗೆ ಒಂದು ಮಾತು. ಹವಳದ ದಿಣ್ಣೆ ಸುತ್ತುವರಿದ ಆ ದ್ವೀಪಗಳ ದಡಕ್ಕೆ ದೊಡ್ಡ ಹಡಗು ಬರಲಾರದು. ದೂರದಲ್ಲೇ ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಅಲೆಗೆ ಏರಿ ಇಳಿಯುತ್ತಿರುತ್ತದೆ, ಸಿಬ್ಬಂದಿ ತೋಳು ಹಿಡಿದು ಸರಿಯಾದ ಕ್ಷಣಕ್ಕೆ ಹೆಜ್ಜೆ ಇಡಿಸುತ್ತಾರೆ. ಒಂದು ಕೈಯಲ್ಲಿ ಮಗು, ಹೆಗಲಲ್ಲಿ ಚೀಲ, ತಳ್ಳುಗಾಡಿ ಬೇರೆ ಎಂದರೆ ಆಗದ ಮಾತು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಯ್ಯಿರಿ, ಎರಡೂ ಕೈ ಬಿಡುವಾಗಿರಲಿ. ಗಾಳಿ ಜೋರಾದರೆ ಇಳಿಯುವುದೇ ರದ್ದಾಗಬಹುದು ಎಂಬುದು ಮನಸ್ಸಿನಲ್ಲಿರಲಿ.

ಕ್ಯಾಬಿನ್ ಆರಿಸುವಾಗ ಬಾಲ್ಕನಿ ಬೇಕೋ ಬೇಡವೋ ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಪ್ರತಿ ಹಡಗಿನ ಡೆಕ್ ನಕ್ಷೆ ಕಂಪನಿಯ ಬಳಿ ಸಿಗುತ್ತದೆ. ನಿಮಗೆ ಕೊಡುವ ಕೋಣೆಯ ಸಂಖ್ಯೆ ಹುಡುಕಿ, ಅದರ ಮೇಲಿನ ಮತ್ತು ಕೆಳಗಿನ ಡೆಕ್ಕಿನಲ್ಲಿ ಅದೇ ಜಾಗದಲ್ಲಿ ಏನಿದೆ ನೋಡಿ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ಮಗು ಮಲಗುವ ಹೊತ್ತಿಗೆ ಡ್ರಮ್. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಕೋಣೆ ಮಧ್ಯಾಹ್ನದ ನಿದ್ದೆಗೆ ಹೇಳಿ ಮಾಡಿಸಿದ್ದು. ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗೆ ಇದ್ದಷ್ಟೂ ತೂಗಾಟ ಕಡಿಮೆ. ಹಡಗು ತೂಗುವುದು ತಕ್ಕಡಿಯಂತೆ, ತುದಿಗಳು ಏರಿಳಿದಷ್ಟು ನಡು ಕದಲುವುದಿಲ್ಲ. ಬಾಲ್ಕನಿ ತೆಗೆದುಕೊಂಡರೆ ಒಳಹೊಕ್ಕ ಕೂಡಲೇ ಅಲ್ಲಿನ ಕುರ್ಚಿ, ಮೇಜುಗಳನ್ನು ಕಟಕಟೆಯಿಂದ ದೂರ ಎಳೆದಿಡಿ, ಇಲ್ಲವೇ ಒಳಗೆ ತೆಗೆಸಿಬಿಡಿ. ಏರಲು ಬಂದ ಮಗುವಿಗೆ ಕುರ್ಚಿಯೇ ಮೆಟ್ಟಿಲು. ಶಿಶುವಿನ ತೊಟ್ಟಿಲುಮಂಚ ಕೇಳಿದರೆ ಕೊಡುತ್ತಾರೆ, ಇರುವುದು ಕೆಲವೇ ಆದ್ದರಿಂದ ಬುಕಿಂಗ್ ದಿನವೇ ಕೇಳಬೇಕು. ಸ್ನಾನದ ಕೋಣೆಯಲ್ಲಿ ಸಾಮಾನ್ಯವಾಗಿ ಶವರ್ ಮಾತ್ರ.

ಹಾಲು ಕುಡಿಯುವ ಮಗುವಿಗೂ ಟಿಕೆಟ್ಟೇ ಎಂದು ಹಲವರು ಕೇಳುತ್ತಾರೆ. ಹೌದು. ಲೈಫ್‌ಬೋಟಿನಲ್ಲಿ ಎಷ್ಟು ಜನರಿಗೆ ಜಾಗವಿದೆಯೋ ಅದಕ್ಕೆ ತಕ್ಕಂತೆ ಹಡಗು ಜನರನ್ನು ಹತ್ತಿಸಿಕೊಳ್ಳುತ್ತದೆ, ಆ ಲೆಕ್ಕದಲ್ಲಿ ಶಿಶುವೂ ಒಬ್ಬ ಪ್ರಯಾಣಿಕ. ನಾಲ್ವರ ಕ್ಯಾಬಿನ್‌ನಲ್ಲಿ ಐದನೆಯದಾಗಿ ಕೂಸನ್ನು ಸೇರಿಸಿಕೊಳ್ಳಲು ಆಗದಿರುವುದೂ ಈ ಕಾರಣಕ್ಕೆ. ಜಾಹೀರಾತಿನ ದರ ಒಂದು ಕೋಣೆಯಲ್ಲಿ ಇಬ್ಬರು ಎಂಬ ಲೆಕ್ಕದಲ್ಲಿ ಒಬ್ಬರದು. ಮೂರನೆಯ, ನಾಲ್ಕನೆಯವರಿಗೆ ಕಡಿಮೆ ಇರಬಹುದು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು, ವೈಫೈ ಎಲ್ಲ ಸೇರಿಸಿ ಕೂಡಿದ ಮೇಲಷ್ಟೇ ಎರಡು ಹಡಗುಗಳನ್ನು ಹೋಲಿಸಿ.

ಊಟಕ್ಕೆ ಎರಡು ಪಂಕ್ತಿ ಇದ್ದರೆ ಮಕ್ಕಳಿರುವವರು ಮೊದಲನೆಯದನ್ನೇ ಕೇಳಿ, ಎಂಟರ ಪಂಕ್ತಿಗೆ ಮಗು ಮೇಜಿನ ಮೇಲೆ ತೂಕಡಿಸುತ್ತದೆ. ಸಸ್ಯಾಹಾರ, ಮೊಸರನ್ನ ಬೇಕೆಂದರೆ ಮುಂಚಿತವಾಗಿ ತಿಳಿಸಿ. ಮಗುವಿಗೆ ಅಲ್ಲೇ ಗಂಜಿ ಕಾಯಿಸೋಣ ಎಂದು ಕೆಟಲ್, ಪುಟ್ಟ ಕುಕ್ಕರ್ ಒಯ್ದರೆ ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಮನೆಯ ಅಡುಗೆಯನ್ನೂ ಬಿಡುವುದಿಲ್ಲ. ಮುಚ್ಚಿದ ಪ್ಯಾಕೆಟ್ಟಿನ ಶಿಶು ಆಹಾರಕ್ಕೆ ಅಡ್ಡಿಯಿಲ್ಲ. ಬಫೆಯಲ್ಲಿ ನೂರಾರು ಕೈ ಮುಟ್ಟಿದ ಸೌಟು ಹಿಡಿದ ಮೇಲೆ ಮಕ್ಕಳ ಕೈಯನ್ನು ಸೋಪಿನಿಂದಲೇ ತೊಳೆಸಿ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಜಗ್ಗುವುದಿಲ್ಲ.

ಸಮುದ್ರದ ತಲೆಸುತ್ತು ಎರಡು ವರ್ಷದೊಳಗಿನವರಿಗೆ ಅಪರೂಪ, ಅಲ್ಲಿಂದ ಹನ್ನೆರಡರವರೆಗೆ ಹೆಚ್ಚು. ದೊಡ್ಡವರಿಗೆಂದು ತಂದ ಪ್ರೊಮೆಥಜೀನ್ ಜಾತಿಯ ಮಾತ್ರೆಯನ್ನು ಮುರಿದು ಚಿಕ್ಕದಕ್ಕೂ ಕೊಡುವವರಿದ್ದಾರೆ. ಎರಡು ವರ್ಷದೊಳಗಿನ ಮಗುವಿಗೆ ಅದು ಉಸಿರಾಟವನ್ನೇ ಕುಗ್ಗಿಸಬಹುದು, ಕೊಡಲೇಬಾರದು. ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ಔಷಧ, ಪ್ರಮಾಣ ಎರಡನ್ನೂ ಬರೆಸಿಕೊಂಡು ಹೋಗಿ.

ಹಡಗು ಹತ್ತಿದ ದಿನದ ಸುರಕ್ಷಾ ಕವಾಯತನ್ನು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಜನರಿಗೆ ಕವಾಯತು ಆಗಿರಲೇ ಇಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಕಡ್ಡಾಯವಾಯಿತು. ದಿನಕ್ಕಿಂತ ಹೆಚ್ಚಿನ ಯಾನದಲ್ಲಿ ಪ್ರತಿ ಶಿಶುವಿಗೂ ಅದರ ಅಳತೆಯ ಲೈಫ್ ಜಾಕೆಟ್ ಇರಲೇಬೇಕು. ಕ್ಯಾಬಿನ್‌ನಲ್ಲಿ ಕಾಣದಿದ್ದರೆ ಕೇಳಿ ಪಡೆದು, ಒಮ್ಮೆ ತೊಡಿಸಿ ನೋಡಿ.

ಕಾಗದಪತ್ರದಲ್ಲಿ ಎರಡು ಕಡೆ ಎಡವುತ್ತಾರೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು, ಹಲವು ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಸಿಂಗಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಮರಳುವುದು ಸಿಂಗಪುರಕ್ಕೆ ಎರಡನೆಯ ಪ್ರವೇಶ, ವೀಸಾ ಬಹುಪ್ರವೇಶದ್ದೇ ಎಂದು ನೋಡಿಕೊಳ್ಳಿ. ವಿಮೆಯಲ್ಲಿ ಹಡಗಿನ ಚಿಕಿತ್ಸೆ ಮತ್ತು ದಡಕ್ಕೆ ಸಾಗಿಸುವ ವೆಚ್ಚ ಎರಡೂ ಸೇರಿರಲಿ. ಬಂದರಿನ ಊರನ್ನು ಹಿಂದಿನ ದಿನವೇ ಸೇರಿ. ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ತಲುಪಲು ಕೆಲವು ಗಂಟೆ ಹಿಡಿಯುವುದರಿಂದ ಡೈಪರ್, ಹಾಲಿನ ಪುಡಿ, ಔಷಧ, ಒಂದು ಜೊತೆ ಬಟ್ಟೆ, ಈಜುಡುಪು ಕೈಚೀಲದಲ್ಲೇ ಇರಲಿ.