ಮಳಿ ಬರೂದ್ರೊಳಗ ಗಟಾರ ನೋಡ್ರಿ

ಅಮೀನಗಡ ಅಂದರೆ ಹೊರಗಿನವರಿಗೆ ಕರದಂಟು, ಕುರಿ ಸಂತೆ. ಐಹೊಳೆಗೆ ಹೋಗುವವರು ಕರದಂಟು ಕಟ್ಟಿಸಿಕೊಂಡು ಮುಂದೆ ಹೋಗುತ್ತಾರೆ. ಕಾಲ ಕೆಳಗಿನ ಹಾಸುಗಲ್ಲು, ಅದರ ಕೆಳಗಿನ ಗಟಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಊರವರಾದರೂ ಅಷ್ಟೇ. “ಅಕ್ಕಾರ, ಈ ಗಟಾರ ಯಾವಾಗ ಕಟ್ಟಿದ್ದ್ರೀ?” ಎಂದು ಕೇಳಿದರೆ ಹಳೆ ಓಣಿಗಳಲ್ಲಿ ಸಿಗುವ ಉತ್ತರ ಒಂದೇ: “ನಾ ಮದುವ್ಯಾಗಿ ಬಂದಾಗನೂ ಹಿಂಗ ಇತ್ತ್ರೀ.”

ನಮ್ಮ ಬಾಗಲಕೋಟೆ ಮಳೆ ಕಡಿಮೆ ಇರುವ ಜಿಲ್ಲೆ. ಬೀಳುವುದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು. ವರ್ಷದ ಹೆಚ್ಚಿನ ದಿನ ಮಳೆನೀರಿನ ಗಟಾರಕ್ಕೆ ಕೆಲಸವೇ ಇಲ್ಲ. ಕೆಲಸವಿಲ್ಲದ ಗಟಾರಕ್ಕೆ ಬಚ್ಚಲ ನೀರು, ಪ್ಲಾಸ್ಟಿಕ್ ಚೀಲ, ಮನೆ ಕಟ್ಟಿ ಉಳಿದ ಉಸುಕು ಬಂದು ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೆ ನುಗ್ಗಿದ್ದು ಮಲಪ್ರಭೆ ಹೊಳೆಯ ನೀರು. ಅದನ್ನು ಓಣಿಯ ಗಟಾರ ತಡೆಯಲಾರದು. ಆದರೆ 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ಮೇಲೆ ಸುರಿದಂಥ ಮಳೆ ಮತ್ತೆ ಬಂದರೆ, ನೀರು ಅಡಿಗೆಮನೆಗೆ ಬರುತ್ತದೋ ಹಳ್ಳಕ್ಕೆ ಹೋಗುತ್ತದೋ ಎನ್ನುವುದರಲ್ಲಿ ಗಟಾರದ ಪಾಲೂ ಇರುತ್ತದೆ.

ಹಳೆಯದೆಲ್ಲ ಕೆಟ್ಟದ್ದಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡು ನೋಡಿರಿ: ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂಡಿಸಿದ್ದಾರೆ. ನೀರು ಮೊದಲು ಹುಡುಕುವುದು ಸಂದಿಯನ್ನೇ ಎಂದು ಅವರಿಗೆ ಗೊತ್ತಿತ್ತು. ಗಟಾರವೂ ಮೊದಲು ಸೋಲುವುದು ಸಂದಿಯಲ್ಲೇ. ಎರಿ ಭೂಮಿ ಇದ್ದಲ್ಲಿ ಇನ್ನೂ ಬೇಗ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆಯನ್ನು ವರ್ಷವರ್ಷ ಒಳಗೆ ನೂಕುತ್ತದೆ. ಹತ್ತು ವರ್ಷದ ಸಿಮೆಂಟ್ ಗಟಾರ ಬಿರುಕು ಬಿಟ್ಟಿರಬಹುದು, ಅಜ್ಜನ ಕಾಲದ ಕಲ್ಲಿನದು ಗಟ್ಟಿಯಾಗಿರಬಹುದು. ವಯಸ್ಸು ಕೇಳಿದರೆ ಗೊತ್ತಾಗುವುದಿಲ್ಲ, ನೋಡಬೇಕು.

ನೋಡುವುದಕ್ಕೆ ಮೇ ತಿಂಗಳು ಸರಿ. ಗಟಾರ ಹಳ್ಳಕ್ಕೆ ಕೂಡುವ ಬಾಯಿಯಿಂದ ಶುರು ಮಾಡಿ ಓಣಿಯ ಕಡೆ ಮೇಲಕ್ಕೆ ಬನ್ನಿ. ವಾರಗಟ್ಟಲೆ ಮಳೆಯಿಲ್ಲದಿದ್ದರೂ ಬಾಯಲ್ಲಿ ನೀರು ಹರಿಯುತ್ತಿದ್ದರೆ ಯಾರದೋ ಬಚ್ಚಲೋ ಪಾಯಖಾನೆಯೋ ಅದಕ್ಕೆ ಕೂಡಿದೆ ಅಂತ. ಕಬ್ಬಿಣದ ಸಲಾಕೆ ಇಳಿಬಿಟ್ಟು ಹೂಳು ಅಳೆಯಿರಿ: ಎರಡು ಅಡಿ ಆಳದಲ್ಲಿ ಎಂಟು ಇಂಚು ಹೂಳಿದ್ದರೆ ಮೂರನೇ ಒಂದು ಪಾಲು ಹೋಯಿತು. ಗಟಾರದ ಪಕ್ಕ ರಸ್ತೆ ತಗ್ಗಾಗಿದೆಯೇ? ಗೋಡೆಯ ಬಿರುಕಿನಿಂದ ಮಣ್ಣು ಒಳಗೆ ಸೋರುತ್ತಿರಬಹುದು. ಇದನ್ನು ಮಾತ್ರ ಮುಂದೂಡಬೇಡಿ, ಟ್ರ್ಯಾಕ್ಟರ್ ಬಂದ ದಿನ ಕುಸಿಯುತ್ತದೆ. ಮುಚ್ಚಿದ ಭಾಗಕ್ಕೆ ಕನ್ನಡಿಯಿಂದ ಬಿಸಿಲು ಬಿಡಬಹುದು. ಕೋಲಿಗೆ ಮೊಬೈಲ್ ಕಟ್ಟಿ ವಿಡಿಯೊ ಮಾಡಿದರೂ ಆಯಿತು. ದೊಡ್ಡ ನಗರಗಳಲ್ಲಿ ಗಾಲಿ ಮೇಲಿನ ಕ್ಯಾಮೆರಾ ಮಾಡುವುದೂ ಇದನ್ನೇ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ದೃಶ್ಯ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಶಾಲೆಯ ಲೆಕ್ಕ ಇಲ್ಲಿ ಉಲ್ಟಾ, 5 ಬಂದದ್ದು ಕುಸಿಯುವ ಹಂತದ್ದು.

ಆದರೆ ಮನುಷ್ಯರನ್ನು ಒಳಗೆ ಇಳಿಸಬೇಡಿ. “ಯಪ್ಪಾ, ಒಂದ್ ಸಲ ಇಳದು ನೋಡೋ” ಎಂದು ಯಾರಿಗೋ ನೂರಿನ್ನೂರು ಕೈಗಿಡುವ ರೂಢಿ ಇನ್ನೂ ಹೋಗಿಲ್ಲ. ಪಾಯಖಾನೆ ಕೂಡಿದ ಮುಚ್ಚಿದ ಗಟಾರದ ವಿಷಗಾಳಿ ಎರಡು ಉಸಿರಿಗೇ ಎಚ್ಚರ ತಪ್ಪಿಸುತ್ತದೆ, ಎತ್ತಲು ಇಳಿದವರೂ ಹೋಗುತ್ತಾರೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳಿಗೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಂಡದ್ದನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು, ಫೋಟೊ ಸಮೇತ ಪಟ್ಟಣ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. “ಗಟಾರ ಸರಿ ಇಲ್ರಿ” ಅನ್ನುವುದಕ್ಕಿಂತ “ಗುಡಿ ಮುಂದಿನ ಮೂಲ್ಯಾಗ ಎಂಟು ಇಂಚು ಹೂಳೈತ್ರಿ” ಅನ್ನುವ ಅರ್ಜಿಗೆ ತೂಕ ಹೆಚ್ಚು. ಆಮೇಲೆ ಮೊದಲ ದೊಡ್ಡ ಮಳೆಗೆ ಕಟ್ಟೆಯ ಮೇಲೆ ನಿಂತು ಇನ್ನೊಮ್ಮೆ ನೋಡಿ. ಹರಿಯುವ ನೀರಿಗೆ ಕಾಲಿಡಬೇಡಿ, ಹಾಸುಗಲ್ಲು ಸರಿದಿದ್ದರೆ ಕಾಣುವುದಿಲ್ಲ. ಸಂದಿಯಿಂದ ನೀರು ಮೇಲಕ್ಕೆ ಉಕ್ಕಿದ ಜಾಗವನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಕಟ್ಟಿಕೊಂಡಿರುವುದು ಅಲ್ಲಿಂದ ಕೆಳಗಡೆ, ಹಳ್ಳದ ದಿಕ್ಕಿಗೆ.