ಹಳೆಯ ವಿದ್ಯುತ್ ಕಾರು ಕೊಳ್ಳುವ ಮುನ್ನ



ಕೆಚ್ಚಲು ಬಾವು, ಗರ್ಭ ಕಟ್ಟದಿರುವಿಕೆ, ಖನಿಜ ಮಿಶ್ರಣ ಇವುಗಳ ಬಗ್ಗೆ ಬರೆಯಬೇಕಾದ ಪಶುವೈದ್ಯನು ಕಾರಿನ ವಿಷಯ ಬರೆಯುವುದೇಕೆ ಎಂದು ನಿಮಗೆ ಅನ್ನಿಸಬಹುದು. ಇತ್ತೀಚೆಗೆ ಸಂಘಗಳಿಗೆ ಭೇಟಿ ನೀಡಿದಾಗಲೆಲ್ಲ "ಸಾರ್, ನಿಮ್ಮ ಕರೆಂಟ್ ಕಾರು ಹೇಗಿದೆ? ಸೆಕೆಂಡ್ ಹ್ಯಾಂಡ್ ತಗೋಬಹುದಾ?" ಎಂದು ಒಬ್ಬರಾದರೂ ಕೇಳುತ್ತಾರೆ. ಐದಾರು ಲಕ್ಷ ರೂಪಾಯಿ ಎಂದರೆ ಐದಾರು ಒಳ್ಳೆಯ ಮಿಶ್ರತಳಿ ಹಸುಗಳ ಬೆಲೆ. ಡೇರಿಯ ಬಟವಾಡೆಯಲ್ಲಿ ಉಳಿಸಿದ ಹಣ. ಆದ್ದರಿಂದ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಜಾತ್ರೆಯಲ್ಲಿ ಹಸು ಕೊಳ್ಳುವಾಗ ದಲ್ಲಾಳಿ ಹೇಳಿದ ಲೀಟರಿನ ಲೆಕ್ಕ ನಂಬಿ ನೀವು ಹಣ ಎಣಿಸುವುದಿಲ್ಲ. ಎರಡು ಮೂರು ಹೊತ್ತು ಎದುರಿಗೇ ಕರೆಸಿ, ನಾಲ್ಕು ಮೊಲೆಗಳಲ್ಲೂ ಹಾಲು ಸಮನಾಗಿ ಬರುತ್ತದೆಯೇ ಎಂದು ನೋಡುತ್ತೀರಿ. ವಿದ್ಯುತ್ ಕಾರಿನಲ್ಲಿ ಕೆಚ್ಚಲು ಎಂದರೆ ಬ್ಯಾಟರಿ. ಕಾರಿನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಅದರದೇ. ಬಣ್ಣ, ಸೀಟು, ಟೈರು ಚೆನ್ನಾಗಿದ್ದು ಬ್ಯಾಟರಿ ಸೊರಗಿದ್ದರೆ ನೀವು ಕೊಂಡದ್ದು ಬತ್ತಿದ ಹಸುವೇ ಸರಿ.

2023ರಲ್ಲಿ ನಾನು ನಗರದ ಒಬ್ಬ ಹಳೆಯ ಕಾರು ಮಾರಾಟಗಾರರಿಂದ ಮೂರು ವರ್ಷ ಓಡಿದ ವಿದ್ಯುತ್ ಕಾರು ಕೊಂಡೆ. ಪರದೆಯ ಮೇಲೆ ನೂರಕ್ಕೆ ನೂರು ಚಾರ್ಜ್, 200 ಕಿಲೋಮೀಟರು ಎಂದು ತೋರಿಸುತ್ತಿತ್ತು. ಹತ್ತು ನಿಮಿಷ ಓಡಿಸಿ ನೋಡಿ ಒಪ್ಪಿದೆ. ತಿಂಗಳು ತುಂಬುವುದರೊಳಗೆ ಒಂದು ರಾತ್ರಿ ಸುಮಾರು 40 ಕಿಲೋಮೀಟರು ದೂರದ ಹಳ್ಳಿಯಿಂದ ಕರೆ ಬಂತು. ಕಡಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವನ್ನು ಹೊರತೆಗೆದು, ತಾಯಿ ಎದ್ದು ನಿಂತ ಮೇಲೆ ಹಿಂತಿರುಗುವಾಗ ಪರದೆಯಲ್ಲಿ ಶೇಕಡಾ 30 ಇತ್ತು. ದಿಣ್ಣೆ ಏರುತ್ತಿದ್ದಂತೆ ಅದು 30ರಿಂದ 18ಕ್ಕೆ, 18ರಿಂದ 6ಕ್ಕೆ ಇಳಿದು ಕಾರು ರಸ್ತೆಯಲ್ಲೇ ನಿಂತಿತು. ಬೆಳಗಿನ ಜಾವ ಇನ್ನೊಂದು ಊರಿನಿಂದ ಹಾಲು ಜ್ವರದ ಕರೆ ಬಂದಾಗ ನಾನು ಅಲ್ಲೇ ಕುಳಿತಿದ್ದೆ. ಬೇರೆ ತಾಲ್ಲೂಕಿನ ಸಹೋದ್ಯೋಗಿಯೊಬ್ಬರು ಕ್ಯಾಲ್ಸಿಯಂ ಬಾಟಲಿಯೊಡನೆ ಹೋದರು. ಆದರೆ ತಡವಾಗಿತ್ತು, ಹಸು ಉಳಿಯಲಿಲ್ಲ. ನನ್ನನ್ನು ಊರಿಗೆ ತಂದು ಬಿಟ್ಟದ್ದು ಹಾಲಿನ ವ್ಯಾನು.

ಬ್ಯಾಟರಿಯೊಳಗೆ ನೂರಾರು ಚಿಕ್ಕ ಕೋಶಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಗುಂಪು ದುರ್ಬಲವಾದರೂ ಅದು ಬರಿದಾದ ಕೂಡಲೇ ಇಡೀ ಕಾರು ನಿಲ್ಲುತ್ತದೆ. ತುಂಬಿದ ಬ್ಯಾಟರಿಯಲ್ಲಿ ಈ ದೋಷ ಕಾಣುವುದಿಲ್ಲ, ಕೆಳಗಿನ ಭಾಗದಲ್ಲಿಯೇ ಹೊರಬೀಳುತ್ತದೆ. ನಾನು ಓಡಿಸಿ ನೋಡಿದ ಹತ್ತು ನಿಮಿಷದಲ್ಲಿ ಅದು ಗೊತ್ತಾಗುವ ಮಾತೇ ಇರಲಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ಕಾರನ್ನು ಒಂದು ಹಗಲು, ಒಂದು ರಾತ್ರಿ ನಿಮ್ಮ ವಶಕ್ಕೆ ಕೇಳಿರಿ. ಮಾರುವವರು ಜೊತೆಯಲ್ಲೇ ಇರಲಿ, ಅಡ್ಡಿಯಿಲ್ಲ. ನಿಧಾನ ಚಾರ್ಜರಿನಲ್ಲಿ ಶೇಕಡಾ 100ರವರೆಗೆ ತುಂಬಿಸಿ, ಒಂದಿಷ್ಟು ದಿಣ್ಣೆಯೂ ಇರುವ ರಸ್ತೆಯಲ್ಲಿ, ಮನೆಗೆ ಹತ್ತಿರದಲ್ಲೇ ಸುತ್ತುತ್ತ ಶೇಕಡಾ 20ಕ್ಕೆ ಬರುವವರೆಗೆ ಓಡಿಸಿರಿ. ಅಂಕಿ ಒಂದೊಂದಾಗಿ ಇಳಿಯಬೇಕು. ಹಾರಿ ಹಾರಿ ಇಳಿದರೆ ಅಲ್ಲಿಗೇ ಕೈ ಬಿಡಿ.

ನಂತರ ಅದೇ ರಾತ್ರಿ ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ಚಾರ್ಜಿಗೆ ಹಾಕಿ ಕರೆಂಟ್ ಮೀಟರಿನ ರೀಡಿಂಗ್ ಬರೆದಿಡಿ. ಫ್ರಿಜ್ಜು, ಮೋಟಾರು, ಹಾಲು ಕರೆಯುವ ಯಂತ್ರ ಎಲ್ಲವನ್ನೂ ಅಷ್ಟು ಹೊತ್ತು ನಿಲ್ಲಿಸಿರಬೇಕು. ಬೆಳಿಗ್ಗೆ ಶೇಕಡಾ 100 ಆದಾಗ ಮತ್ತೆ ರೀಡಿಂಗ್ ನೋಡಿ. ಟಾಟಾ ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಯೂನಿಟ್ಟಿನದು. ಅದನ್ನು 20ರಿಂದ 100ಕ್ಕೆ ತುಂಬಿಸಲು ಸುಮಾರು 19 ಯೂನಿಟ್ ಒಳಗೆ ಹೋಗಬೇಕು. ಚಾರ್ಜರಿನಲ್ಲಿ ಸೋರುವ ನೂರಕ್ಕೆ ಹತ್ತು ಹದಿನೈದು ಪಾಲು ಸೇರಿಸಿದರೆ ಮೀಟರಿನಲ್ಲಿ 21–22 ತೋರಿಸಬೇಕು. ನಿಮ್ಮ ಮೀಟರು 17 ಮಾತ್ರ ತೋರಿಸಿದರೆ ಅದು 24ರ ಬ್ಯಾಟರಿ ಅಲ್ಲ, ಸುಮಾರು 19ಕ್ಕೆ ಕುಗ್ಗಿದ ಬ್ಯಾಟರಿ ಎಂದು ತಿಳಿಯಿರಿ. ನಾಲ್ಕೈದು ವರ್ಷದ ಕಾರಿನಲ್ಲಿ ನೂರಕ್ಕೆ ಹತ್ತರಷ್ಟು ಕುಗ್ಗುವುದು ಸಹಜ. ಅದಕ್ಕಿಂತ ಹೆಚ್ಚಾಗಿದ್ದರೆ ಬೆಲೆಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರು ಜೋಡಿಸಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಬಹುದು, ತೆಗೆಸಿರಿ. ಆದರೂ ಮೀಟರಿನ ಪರೀಕ್ಷೆ ಬಿಡಬೇಡಿ. ಹಾಲಿನ ಅಳತೆಯನ್ನು ಕಣ್ಣಾರೆ ನೋಡುವ ಅಭ್ಯಾಸ ನಮಗೆಲ್ಲರಿಗೂ ಇದ್ದೇ ಇದೆ.

ಕಂಪನಿ ಹೇಳುವ ಕಿಲೋಮೀಟರನ್ನು ಮಾತ್ರ ಹಾಗೆಯೇ ನಂಬಬಾರದು. 2020ರ ಜನವರಿಯಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 30.2 ಯೂನಿಟ್ಟಿನ ಬ್ಯಾಟರಿ, 312 ಕಿಲೋಮೀಟರಿನ ಪ್ರಮಾಣಪತ್ರ. ನಮ್ಮ ರಸ್ತೆಗಳಲ್ಲಿ ಅದು ಹೊಸದಾಗಿದ್ದಾಗಲೇ 200ರ ಆಸುಪಾಸು. ಪ್ರಮಾಣಪತ್ರದ ಮೂರರಲ್ಲಿ ಎರಡು ಪಾಲು ಎಂದು ಲೆಕ್ಕ ಹಾಕಿ, ಅದರಲ್ಲಿ ನಿಮ್ಮ ದಿನದ ಓಡಾಟದ ಎರಡರಷ್ಟು ಸಿಕ್ಕಿದರೆ ಸಾಕು. ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಲು, ಮಕ್ಕಳನ್ನು ಶಾಲೆಗೆ ಬಿಡಲು ಟಿಯಾಗೊದ 19.2 ಯೂನಿಟ್ಟಿನ ಚಿಕ್ಕ ಬ್ಯಾಟರಿಯೂ ಸಾಲುತ್ತದೆ. ನನ್ನಂತೆ ರಾತ್ರಿ ಎಲ್ಲೆಲ್ಲಿಗೋ ಓಡುವವರಿಗೆ ಸಾಲದು.

ತೀರ ಅಗ್ಗಕ್ಕೆ ಸಿಗುತ್ತದೆಂದು ಬಹಳ ಹಳೆಯದಕ್ಕೆ ಕೈ ಹಾಕಬೇಡಿ. 2001ರಲ್ಲಿ ಬೆಂಗಳೂರಿನಿಂದಲೇ ಹೊರಬಂದ ರೇವಾ ನಮ್ಮ ಹೆಮ್ಮೆಯ ಕಾರು ನಿಜ, ಈಗ ಅದು ನೋಡಿ ಸಂತೋಷಪಡಲು ಮಾತ್ರ. ಇ-ವೆರಿಟೊ ಮತ್ತು ಮೊದಲ ಕಾಲದ ಟಿಗೋರ್ ವಿದ್ಯುತ್ ಕಾರುಗಳ ವೇಗದ ಚಾರ್ಜಿನ ಕಿಂಡಿಯೇ ಬೇರೆ. ಇಂದಿನ ಹೆದ್ದಾರಿ ಕೇಂದ್ರಗಳ ಗನ್ ಅದಕ್ಕೆ ಕೂರುವುದಿಲ್ಲ. ನಂಬರ್ ಪ್ಲೇಟನ್ನೂ ನೋಡಿರಿ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತದ್ದು, ಹಳದಿ ಅಕ್ಷರವಿದ್ದರೆ ಬಾಡಿಗೆಯದು. ಬಾಡಿಗೆಗೆ ಓಡಿದ ಕಾರಿಗೆ ದಿನವೂ ವೇಗದ ಚಾರ್ಜ್ ಆಗಿರುವ ಸಂಭವ ಹೆಚ್ಚು, ಆ ಬಿಸಿ ಬ್ಯಾಟರಿಗೆ ಹಿತವಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ನಿಂತಿದ್ದವು. ಸೀಟಿನ ಅಡಿಯ ಕಂಬಿಗಳಲ್ಲಿ ತುಕ್ಕು, ಮೂಲೆಗಳಲ್ಲಿ ಕೆಸರು ಕಂಡರೆ ಬೆಲೆ ಎಷ್ಟು ಕಡಿಮೆಯಾದರೂ ಬೇಡ. ಕಾರನ್ನು ಎತ್ತಿಸಿ ಬ್ಯಾಟರಿ ಪೆಟ್ಟಿಗೆಯ ತಳ ನೋಡುವುದೂ ಅವಶ್ಯ. ನಮ್ಮೂರ ಹಂಪುಗಳು ಅದನ್ನು ಸುಮ್ಮನೆ ಬಿಟ್ಟಿರುವುದಿಲ್ಲ.

ಇನ್ನು ಮನೆಯ ವಿಷಯ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರು ಕೆಲಸ ಮಾಡದು, ಮಾಡದಿರುವುದೇ ಕ್ಷೇಮ. ಚಾರ್ಜರು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ, ನಿಮ್ಮ ಮಂಜೂರಾದ ಲೋಡು 1 ಕಿಲೋವ್ಯಾಟ್ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಬೇಕು. ದಿನಕ್ಕೆ 30 ಕಿಲೋಮೀಟರು ಓಡಿದರೆ ತಿಂಗಳಿಗೆ ಸುಮಾರು 130 ಯೂನಿಟ್ ಬೇಕು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ಚಾರ್ಜ್ ಮಾಡಬಹುದೇ ಎಂದು ಕೇಳಿದವರಿದ್ದಾರೆ. ಅದು ನೀರಾವರಿಗೆ ಕೊಟ್ಟದ್ದು; ಸಿಕ್ಕಿಬಿದ್ದರೆ ದಂಡ ನಿಮ್ಮದೇ.

ಕಾಗದಪತ್ರಗಳ ವಿಚಾರದಲ್ಲಿ ನಾನು ಎರಡನೇ ಪೆಟ್ಟು ತಿಂದೆ. ನನ್ನ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಇತ್ತು. ಆದರೆ ಮಾರಾಟಗಾರರು ಆರ್‌ಸಿಯನ್ನು ನನ್ನ ಹೆಸರಿಗೆ ವರ್ಗಾಯಿಸಿಯೇ ಇರಲಿಲ್ಲ. ಹಿಂದಿನ ಮಾಲೀಕರನ್ನು ಹುಡುಕಿ ಸಹಿ ಹಾಕಿಸಿ ಬ್ಯಾಟರಿ ದುರಸ್ತಿಯಾಗುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಅಷ್ಟು ದಿನವೂ ಬೈಕಿನಲ್ಲೇ ಹಳ್ಳಿ ಸುತ್ತಿದೆ. ಎರಡನೇ ಮಾಲೀಕರಿಗೆ ವಾರಂಟಿ ಎಷ್ಟರಮಟ್ಟಿಗೆ ಬರುತ್ತದೆ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಎಂಜಿ ಕಂಪನಿಯು 2024ರಿಂದ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ತಂದಿದೆ. ಅಂಥ ಕಾರಾದರೆ ನಿಮಗೆ ಸಿಗುವುದು ಬ್ಯಾಟರಿಯಿಲ್ಲದ ಬೆಲೆಯೋ ಅಥವಾ ಬ್ಯಾಟರಿ ಸಹಿತವೋ ಎಂದು ಬಿಡಿಸಿ ಕೇಳಬೇಕು. ಸಾಲವಿದ್ದರೆ ತೀರಿದ ಪತ್ರ, ಫಾರಂ 29 ಮತ್ತು 30ಕ್ಕೆ ಸಹಿ, ಇವು ಕೈ ಸೇರುವವರೆಗೆ ಪೂರ್ತಿ ಹಣ ಕೊಡಬೇಡಿ. ಕಾರು ನಿಮ್ಮ ಹೆಸರಿಗಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಬದಲಾಯಿಸಲು ವಿಮಾ ಕಂಪನಿಗೆ ಅರ್ಜಿ ಕೊಡಬೇಕು.