ಶಿಲುಬೆಯ ಹಬ್ಬದಂದು ಹೊರಟ ಹಡಗು



ಸೆಪ್ಟೆಂಬರ್ 14ರಂದು ನಾವು ಪವಿತ್ರ ಶಿಲುಬೆಯ ಹಬ್ಬವನ್ನು ಆಚರಿಸುತ್ತೇವೆ. 1607ರಲ್ಲಿ ಇದೇ ಹಬ್ಬದ ದಿನ ಐರ್ಲೆಂಡಿನ ಉತ್ತರ ಭಾಗದ ರಾತ್‌ಮುಲನ್ ಎಂಬ ಊರಿನಿಂದ ಒಂದು ಹಡಗು ಹೊರಟಿತು. ಹಡಗಿನಲ್ಲಿ ಸುಮಾರು ನೂರು ಮಂದಿ. ಅವರಲ್ಲಿ ಮುಖ್ಯನಾದವನು ಟಿರೋನ್ ಪ್ರಾಂತ್ಯದ ಸಾಮಂತ ಹ್ಯೂ ಓನೀಲ್. ಅವನ ಜೊತೆಗಿದ್ದವನು ನೆರೆಯ ಟಿರ್ಕಾನೆಲ್‌ನ ಸಾಮಂತ ರೋರಿ ಓಡಾನೆಲ್. ಇಬ್ಬರೂ ಮತ್ತೆ ತಾಯ್ನಾಡನ್ನು ಕಾಣಲಿಲ್ಲ.

ಓನೀಲ್ ಸಂತನೇನೂ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಪರವಾಗಿ ಹೋರಾಡಿದವನು, ಪದವಿಯನ್ನು ಅವಳಿಂದಲೇ ಪಡೆದವನು, ನಾಲ್ಕು ಬಾರಿ ಮದುವೆಯಾದವನು. ರಾಣಿಯ ಅಧಿಕಾರಿಗಳು ತನ್ನ ನೆಲಕ್ಕೆ ಕೈಹಾಕಿದಾಗ ತಿರುಗಿಬಿದ್ದ. 1599ರಲ್ಲಿ 22 ಬೇಡಿಕೆಗಳನ್ನು ಮುಂದಿಟ್ಟ. ಕಥೋಲಿಕ ಧರ್ಮವನ್ನು ಬಹಿರಂಗವಾಗಿ ಬೋಧಿಸಲು ಬಿಡಬೇಕು ಎಂಬುದು ಅವುಗಳಲ್ಲಿ ಒಂದು. ಇವನಿಗೆ ಧರ್ಮದ ಮೇಲಿರುವಷ್ಟು ಕಾಳಜಿ ತನ್ನ ಕುದುರೆಗೂ ಇದೆ ಎಂದು ರಾಣಿಯ ಸೇನಾನಿ ಎಸೆಕ್ಸ್ ಮೂದಲಿಸಿದನಂತೆ. ಅದರಲ್ಲಿ ಸ್ವಲ್ಪ ನಿಜ ಇದ್ದರೂ ಇದ್ದೀತು. ಆದರೆ ನೆಲ, ಮಾನ, ಧರ್ಮ ಒಬ್ಬ ಮನುಷ್ಯನಲ್ಲಿ ಹೆಣೆದುಕೊಂಡಿರುವಾಗ ಯಾವುದು ಎಷ್ಟೆಂದು ತೂಗುವವರು ನಾವಲ್ಲ.

1598ರಲ್ಲಿ ಯೆಲ್ಲೋ ಫೋರ್ಡ್ ಎಂಬಲ್ಲಿ ಅವನು ಇಂಗ್ಲಿಷ್ ಸೇನೆಯನ್ನು ಬಗ್ಗುಬಡಿದ. 1601ರಲ್ಲಿ ನೆರವಿಗೆ ಬಂದ ಸ್ಪೇನಿನ ಸೈನಿಕರು ಇಳಿದದ್ದು ದೇಶದ ದಕ್ಷಿಣ ತುದಿಯ ಕಿನ್ಸೇಲ್‌ನಲ್ಲಿ. ಓನೀಲ್ ಇದ್ದದ್ದು ಉತ್ತರದಲ್ಲಿ. ಚಳಿಗಾಲದಲ್ಲಿ ಇಡೀ ದೇಶವನ್ನು ದಾಟಿಹೋದ. ಇಂಗ್ಲಿಷರ ಹಳೆಯ ಕ್ಯಾಲೆಂಡರಿನ ಪ್ರಕಾರ ಕ್ರಿಸ್‌ಮಸ್‌ನ ಹಿಂದಿನ ದಿನ ನಡೆದ ಆ ಕಾಳಗ ಕೆಲವೇ ಗಂಟೆಗಳಲ್ಲಿ ಮುಗಿಯಿತು, ಸೋತ. 1603ರ ಮಾರ್ಚ್ 30ರಂದು ಮೆಲ್ಲಿಫಾಂಟ್‌ನಲ್ಲಿ ಶರಣಾದಾಗ ರಾಣಿ ತೀರಿಕೊಂಡು ಆರು ದಿನವಾಗಿತ್ತು. ಆ ಸುದ್ದಿಯನ್ನು ಅವನಿಂದ ಮುಚ್ಚಿಟ್ಟಿದ್ದರು. ತಿಳಿದಾಗ ಅತ್ತುಬಿಟ್ಟನಂತೆ.

ಪದವಿ ಉಳಿಯಿತು, ನೆಮ್ಮದಿ ಉಳಿಯಲಿಲ್ಲ. ಲಂಡನ್ನಿಗೆ ಹೋದರೆ ಸೆರೆಯೇ ಗತಿ ಎಂಬ ಭಯದಲ್ಲಿ ಅವಸರವಾಗಿ ಹಡಗು ಹತ್ತಿದ. ಚಿಕ್ಕ ಮಗ ಕಾನ್ ಆಗ ಸಾಕುಮನೆಯಲ್ಲಿದ್ದ. ಹೊತ್ತಿಗೆ ಸರಿಯಾಗಿ ಅವನನ್ನು ಕರೆತರಲಾಗಲಿಲ್ಲ. ಮಗುವನ್ನು ಬಿಟ್ಟೇ ಹೊರಟರು.

ಸ್ಪೇನಿಗೆಂದು ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಓನೀಲನ ಬಳಿ ಒಂದು ಚಿನ್ನದ ಶಿಲುಬೆ ಇತ್ತು. ಅದರೊಳಗೆ ಪ್ರಭು ಯೇಸುವಿನ ಶಿಲುಬೆಯದೆಂದು ಅವರು ನಂಬಿದ್ದ ಮರದ ತುಣುಕು. ಅದನ್ನು ಹಡಗಿನ ಹಿಂದೆ ಕಡಲಿಗಿಳಿಸಿ ಎಳೆದುಕೊಂಡು ಹೋದರು, ಅದರಿಂದ ದೊಡ್ಡ ಸಮಾಧಾನವಾಯಿತು ಎಂದು ಜೊತೆಗಿದ್ದ ಟೈಗ್ ಓಕೀನನ್ ಬರೆದಿಟ್ಟಿದ್ದಾನೆ. ಅಂತೂ ಮೂರು ವಾರಗಳಾದ ಮೇಲೆ ಅವರು ತಲುಪಿದ್ದು ಸ್ಪೇನನ್ನಲ್ಲ, ಫ್ರಾನ್ಸನ್ನು. ಮಾರನೆಯ ವರ್ಷ ಆಲ್ಪ್ಸ್ ಪರ್ವತವನ್ನು ದಾಟುವಾಗ, ಅದೂ ಸಂತ ಪ್ಯಾಟ್ರಿಕ್ಕರ ಹಬ್ಬದ ದಿನವೇ, ಹಣದ ಗಂಟು ಹೊತ್ತ ಕುದುರೆ ಕಮರಿಗೆ ಬಿತ್ತು.

1608ರ ಏಪ್ರಿಲ್ 29ರಂದು ರೋಮ್ ಸೇರಿದರು. ಜಗದ್ಗುರು ಐದನೇ ಪೌಲರು ಮನೆ ಕೊಟ್ಟರು, ಜೀವನಾಂಶ ಕೊಟ್ಟರು. ಆ ವರ್ಷದ ಪರಮಪ್ರಸಾದದ ಮೆರವಣಿಗೆಯಲ್ಲಿ ಮೇಲ್ಕಟ್ಟಿನ ಕಂಬಗಳನ್ನು ಹಿಡಿದವರು ಈ ಐರಿಷ್ ಗಣ್ಯರೇ. ಆ ಕಂಬ ಹಿಡಿಯುವುದು ಎಂಥ ಗೌರವವೆಂದು ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಹೇಳಬೇಕಾಗಿಲ್ಲ.

ಗೌರವದ ಬೆನ್ನಿಗೇ ಸಾವು ಬಂತು. ಅದೇ ಜುಲೈಯಲ್ಲಿ ರೋರಿ ಜ್ವರದಿಂದ ತೀರಿಕೊಂಡ, ಸೆಪ್ಟೆಂಬರಿನಲ್ಲಿ ಅವನ ತಮ್ಮ, 1609ರಲ್ಲಿ ಓನೀಲನ ಮಗ ಹ್ಯೂ. ಅತ್ತ ಊರಿನಲ್ಲಿ ಅವರ ನೆಲವನ್ನು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ಬಂದವರಿಗೆ ಹಂಚಲಾಯಿತು. ಸೈನ್ಯ ಕೊಡಿ, ಹಿಂತಿರುಗುತ್ತೇನೆ ಎಂದು ಓನೀಲ್ ಸ್ಪೇನಿನ ದೊರೆಗೆ ಪತ್ರದ ಮೇಲೆ ಪತ್ರ ಬರೆದ. ಸ್ಪೇನ್ 1604ರಲ್ಲಿಯೇ ಇಂಗ್ಲೆಂಡಿನೊಡನೆ ರಾಜಿ ಮಾಡಿಕೊಂಡಿತ್ತು. ಹೀಗೆ ಎಂಟು ವರ್ಷ ಕಾದ. ಕಾಳಗದಲ್ಲಿ ಗೆದ್ದ ಓನೀಲನಿಗಿಂತ ಈ ಕಾಯುವ ಓನೀಲನೇ ನಮಗೆ ಹತ್ತಿರದವನೆನಿಸುತ್ತಾನೆ.

1616ರ ಜುಲೈ 20ರಂದು ಅವನು ಕಣ್ಮುಚ್ಚಿದ. ಸಂತ ಪೇತ್ರರನ್ನು ಶಿಲುಬೆಗೇರಿಸಿದ ಜಾಗವೆಂದು ಬಹುಕಾಲ ನಂಬಲಾಗಿದ್ದ ರೋಮಿನ ಗುಡ್ಡದ ಮೇಲೆ, ಸಂತ ಪೇತ್ರರ ಹೆಸರಿನ ಮೊಂಟೋರಿಯೋ ದೇವಾಲಯದಲ್ಲಿ, ಮಗನ ಬಳಿಯೇ ಅವನನ್ನು ಮಣ್ಣು ಮಾಡಿದರು. ಊರಲ್ಲೇ ಉಳಿದುಹೋದ ಕಾನ್ ಸರ್ಕಾರದ ಕೈಗೆ ಸಿಕ್ಕಿದ್ದ. ಅವನನ್ನು ಇಂಗ್ಲೆಂಡಿನ ಈಟನ್ ಶಾಲೆಯಲ್ಲಿಟ್ಟು, 1622ರಲ್ಲಿ ಲಂಡನ್ ಟವರ್ ಎಂಬ ಸೆರೆಮನೆಗೆ ಸೇರಿಸಿದರು.